ಅತ್ತೆಯ ಹೊಟ್ಟೆಯ ಮೇಲಿನ ಎಣ್ಣೆ

ದೆವ್ವ, ಮಾಟ ಎಂದು ಜನ ಬರೆದು ಕಳಿಸಿದ್ದನ್ನು ನಾನು ನೇರವಾಗಿ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಕಣ್ಣಾರೆ ಕಂಡವರು ಯಾರು ಎಂದು ಕೇಳಿದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಲ್ಲಿ ಕಂಡವನು ನಾನೇ. ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತರ ದಶಕದ ಆರಂಭ. ನಾನು ಸೊಲ್ಲಾಪುರದ ಒಂದು ಪತ್ರಿಕೆಯಲ್ಲಿದ್ದೆ. ಅಕ್ಕಲಕೋಟೆಯ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಳು. ಎಪ್ಪತ್ತು ದಾಟಿದ ಜೀವ, ಎಲುಬು ಮತ್ತು ತೊಗಲು ಅಷ್ಟೇ. ಹೊಟ್ಟೆನೋವು ಎಂದು ಕೇಳಿ ನೋಡಲು ಹೋದೆ.

"ಬಟ್ಟಿ ಸರದದ, ಮತ್ತೇನಿಲ್ಲ" ಎಂದ ಅವಳ ಮಗ ಶಿವಪ್ಪ. ಹೊಕ್ಕುಳಲ್ಲಿ ಮಿಡಿಯುವ ನಾಡಿಗೆ ನಮ್ಮ ಕಡೆ ಬಟ್ಟಿ ಎನ್ನುತ್ತಾರೆ. ಅದು ಜಾಗ ಬಿಟ್ಟರೆ ಔಡಲೆಣ್ಣೆ ಹಚ್ಚಿ ತಿಕ್ಕಿ ಕೂರಿಸಬೇಕು, ಅದೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ತಿಕ್ಕುವ ಗಂಗವ್ವ ಮಗಳ ಊರಿಗೆ ಹೋಗಿದ್ದಳು. ಅವಳಿಗಾಗಿ ಕಾಯುತ್ತ ಕಾಯುತ್ತ ಅತ್ತೆಯ ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ನಾನು ಹೋದಾಗ ಗಂಗವ್ವ ಆಗಷ್ಟೇ ಬಂದು ಅಂಗೈಗೆ ಎಣ್ಣೆ ಹಾಕಿಕೊಳ್ಳುತ್ತಿದ್ದಳು. ಮುಟ್ಟಬೇಡ ಎಂದೆ. ಗಾಡಿ ಹೂಡಿಸಿ ಸ್ಟೇಷನ್ನಿಗೆ ಒಯ್ದು, ರೈಲಿನಲ್ಲಿ ಸೊಲ್ಲಾಪುರದ ದವಾಖಾನೆಗೆ ತಂದೆವು.

ರೈಲು ಹೋಟಗಿ ದಾಟುವಾಗ ಅತ್ತೆ ಕಣ್ಣು ಬಿಟ್ಟು, "ಏ ಪೇಪರಿನವಾ, ನನ್ನ ಹೊಟ್ಟಿ ಸುದ್ದೀನೂ ಛಾಪಸ್ತಿ ಏನು?" ಎಂದಳು.

ಕರುಳು ತಿರುಚಿಕೊಂಡಿದೆ ಎಂದರು ಡಾಕ್ಟರು. ಕೆಳಗಿನಿಂದ ರಬ್ಬರ್ ನಳಿಗೆ ಸೇರಿಸಿದರು. ಗಾಳಿ ಹೊರಬಿದ್ದು ಹೊಟ್ಟೆ ಇಳಿಯಿತು. ಶಿವಪ್ಪ ಗೆದ್ದೆವು ಎಂದು ಬಟ್ಟೆಬರೆ ತರಲು ಊರಿಗೆ ಹೋದ. ಡಾಕ್ಟರು ನನ್ನನ್ನು ಆಚೆ ಕರೆದು ನಿಜ ಹೇಳಿದರು. ಅದು ಮತ್ತೆ ತಿರುಚಿಕೊಳ್ಳುತ್ತದೆ. ಕೊಯ್ಯೋಣವೆಂದರೆ ಈ ಹೃದಯ ಕ್ಲೋರೋಫಾರ್ಮ್ ತಾಳುವುದಿಲ್ಲ, ಕೊಯ್ಯದಿದ್ದರೆ ಕರುಳು ಕೊಳೆಯುತ್ತದೆ.

ಮರುದಿನ ಬೆಳಗ್ಗೆ ಹೊಟ್ಟೆ ಮತ್ತೆ ಉಬ್ಬಿತು. ನರ್ಸ್ ನನ್ನ ಎದುರಿಗೇ ಹೊಟ್ಟೆಯನ್ನು ಸಾಬೂನಿನಿಂದ ತೊಳೆದು ಒರೆಸಿ ಡಾಕ್ಟರನ್ನು ಕರೆತರಲು ಹೋದಳು. ಮಂಚದ ಹತ್ತಿರ ನಾನೊಬ್ಬನೇ ಇದ್ದೆ. "ಹಗೂರಕ, ಗಂಗಕ್ಕಾ" ಎಂದಳು ಅತ್ತೆ. ಭ್ರಮೆ ಎಂದುಕೊಂಡೆ. ಅಷ್ಟರಲ್ಲಿ ಔಡಲೆಣ್ಣೆಯ ವಾಸನೆ ಬಂತು. ಡಾಕ್ಟರು ಬಂದು ಹೊದಿಕೆ ಸರಿಸಿದರೆ ಹೊಕ್ಕುಳ ಸುತ್ತ ಎಣ್ಣೆ ಹೊಳೆಯುತ್ತಿತ್ತು, ಅಂಗೈ ಆಡಿಸಿದ ಹಾಗೆ ದುಂಡಗೆ.

"ಯಾರು ತಿಕ್ಕಿದ್ದು? ತಿಕ್ಕಿದರೆ ಕರುಳು ಹರಿಯುತ್ತದೆ, ಗೊತ್ತಿಲ್ಲವೇ?" ಎಂದು ಡಾಕ್ಟರು ನನ್ನ ಮೇಲೆ ಹರಿಹಾಯ್ದರು. ನರ್ಸ್ ನನ್ನ ಕೈ ಮೂಸಿ ನೋಡಿದಳು, ಎಣ್ಣೆಯ ವಾಸನೆ ಇರಲಿಲ್ಲ. ಸಾಬೂನು ಹಚ್ಚಿ ಹೊಟ್ಟೆಯನ್ನು ಮತ್ತೆ ತೊಳೆದಳು. ಈ ಸಲ ನಳಿಗೆ ಒಳಗೆ ಹೋಗಲಿಲ್ಲ. ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ಕೈ ತೊಳೆದುಕೊಂಡರು.

ಮಧ್ಯಾಹ್ನ ಶಿವಪ್ಪ ಬಂದ. ಗಂಗವ್ವ ಎಲ್ಲಿದ್ದಾಳೆ ಎಂದು ಮೊದಲು ಕೇಳಿದೆ.

"ನಮ್ಮ ಅಂಗಳದಾಗ ಜ್ವಾಳ ಹಸನ ಮಾಡಾಕತ್ತಾಳ. ಮುಂಜಾನೆ ನಾ ಹೊಂಡೂ ಮುಂದ ಅಲ್ಲೇ ಇದ್ದಳು. ಯಾಕೋ?"

ಸುಮ್ಮನೆ ಕೇಳಿದೆ ಎಂದೆ. ತಾಯಿ ಉಳಿಯುತ್ತಾಳೋ ಇಲ್ಲವೋ ಎಂದು ಅವನು ಕೇಳಿದಾಗ ಅತ್ತೆಯ ಹೊದಿಕೆ ಸರಿಮಾಡಿದೆ. ಅವನಿಗೆ ತಿಳಿಯಿತು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತ.

ಸಂಜೆಯ ಹೊತ್ತಿಗೆ ಅತ್ತೆಗೆ ನೋವೇ ಇರಲಿಲ್ಲ. ಕರುಳು ಸತ್ತ ಮೇಲೆ ನೋವು ನಿಲ್ಲುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಮಂಚದ ಅಂಚಿನಲ್ಲಿ ಕುಳಿತಿದ್ದೆ.

"ತಮ್ಮಾ, ತುಸು ಸರಿಯೋ" ಎಂದಳು. "ಆಕಿ ನಿಂತ ನಿಂತ ದಣದಾಳ. ಕೂಡಲಿ."

ನಾನು ಎದ್ದು ಜಾಗ ಬಿಟ್ಟೆ. ಅತ್ತೆ ಆ ಕಡೆ ಹೊರಳಿ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ಆ ಜಾಗವನ್ನು ನಾನು ಯಾರಿಗೆ ಬಿಟ್ಟುಕೊಟ್ಟೆ ಎಂದು ಇಂದಿಗೂ ನನಗೆ ಗೊತ್ತಿಲ್ಲ.