‘ಅಕ್ಕ್’ ಅಂದವಳು

‘ವಿಲ್ಲಿಂಗ್’ ಎಂಬ ಇಂಗ್ಲಿಷ್ ಪದವನ್ನು ಹೈಸ್ಕೂಲಿನಲ್ಲಿ ಎಷ್ಟು ಸಲ ಕಲಿಸಿದೆನೋ ದೇವರೇ ಬಲ್ಲ. ಸುಮ್ಮನೆ ಒಪ್ಪುವುದಲ್ಲ ಮಕ್ಕಳೇ, ಮನಸ್ಸಿದ್ದು ಒಪ್ಪುವುದು ಎಂದು ಬಿಡಿಸಿ ಹೇಳಿ, "ಈಗ ಬೋರ್ಡು ಒರೆಸಲಿಕ್ಕೆ ಯಾರು ವಿಲ್ಲಿಂಗ್?" ಅನ್ನುತ್ತಿದ್ದೆ. ಇಡೀ ತರಗತಿ ಕೈ ಎತ್ತುತ್ತಿತ್ತು. ಎಲ್ಲವೂ ನನ್ನ ಬಾಯಿಗೆ ಹೆದರಿ ಎತ್ತಿದ ಕೈಗಳು! ಪದ ಅರ್ಥವಾಯಿತೆಂದು ನಾನು ಮುಂದಿನ ಸಾಲಿಗೆ ಹೋಗುತ್ತಿದ್ದೆ.

ನಮ್ಮ ಕುಂದಾಪುರದ ಕಡೆ ಮುಖ ನೋಡಿ ‘ಇಲ್ಲ’ ಎನ್ನುವ ಕ್ರಮವೇ ಇಲ್ಲ. ಮನಸ್ಸಿಲ್ಲದಿದ್ದರೆ ‘ಕಾಂಬ’ ಅನ್ನುತ್ತೇವೆ, ನೋಡೋಣ ಎಂದು. ಹೆಣ್ಣು ಕೊಡಲು ಮನಸ್ಸಿಲ್ಲದಿದ್ದರೂ ಕಾಂಬ, ಊಟದ ಮನೆಗೆ ಹೋಗಲು ಮನಸ್ಸಿಲ್ಲದಿದ್ದರೂ ಕಾಂಬ. ಕೇಳಿದವರು ತಿಳಿದುಕೊಂಡು ಸುಮ್ಮನಾಗುತ್ತಾರೆ. ಆದರೆ ಮನೆಗೆ ಬಂದ ಸೊಸೆಗೆ ಈ ಸೌಕರ್ಯವೂ ಇಲ್ಲ. ಹಿರಿಯರು ಕೇಳಿದರೆ ಅವಳಿಗಿರುವುದು ಒಂದೇ ಮಾತು, ‘ಅಕ್ಕ್’. ಆಗಲಿ ಎಂದು.

ನನ್ನ ತಮ್ಮ ಶಿರೂರಿನಲ್ಲಿ ಮೀನಿನ ಗಾಡಿ ಓಡಿಸುತ್ತಿದ್ದ. ನಲವತ್ತು ತುಂಬುವ ಮೊದಲೇ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್ಸಿಗೆ ಹೋಗಿ ಬಂದ ದಿನ ಚಾಪೆಯಿಂದ ಏಳುತ್ತಿರಲಿಲ್ಲ. ಬೇರೆ ಕಿಡ್ನಿ ಹಾಕದಿದ್ದರೆ ಹೆಚ್ಚು ದಿನ ಕಷ್ಟ ಎಂದು ಡಾಕ್ಟರು ಬಿಚ್ಚಿಯೇ ಹೇಳಿದರು. ಅಮ್ಮನಿಗೆ ಪ್ರಾಯವಾಗಿತ್ತು. ನಾನು ಕೊಡುತ್ತೇನೆ ಎಂದರೆ ನನ್ನ ಶುಗರು ನೋಡಿ ಬಾಗಿಲಲ್ಲೇ ತಳ್ಳಿದರು. ಉಳಿದವಳು ಅವನ ಹೆಂಡತಿ, ಕೆರಾಡಿ ಕಡೆಯ ಹೆಣ್ಣು, ಎರಡು ಸಣ್ಣ ಮಕ್ಕಳ ತಾಯಿ. ಅವಳ ರಕ್ತ ಹೊಂದಿತು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. "ಹೆಣೆ, ನೀ ಕೊಡ್ತ್ಯಲ್ದಾ?"

ಬಂಗುಡೆ ಕೊಯ್ಯುತ್ತಿದ್ದವಳು ತಲೆ ಎತ್ತಲಿಲ್ಲ. "ಅಕ್ಕ್ ಅತ್ತೆ" ಅಂದಳು.

ಅಷ್ಟೇ. ಅಮ್ಮ ಸಂತೋಷಕ್ಕೆ ಅತ್ತರು, ನಾನೂ ಅತ್ತೆ. ಇಂಥ ಸೊಸೆ ಸಿಗಲು ಪುಣ್ಯ ಮಾಡಿರಬೇಕು ಎಂದು ಊರಿಡೀ ಹೇಳಿಕೊಂಡು ಬಂದೆವು.

ಆಪರೇಶನ್ನಿಗೆ ಮೊದಲು ಕಿಡ್ನಿ ಕೊಡುವವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಮಾತಾಡಿಸುವ ಪದ್ಧತಿ ನಾವು ಹೋದ ದೊಡ್ಡಾಸ್ಪತ್ರೆಯಲ್ಲಿತ್ತು. ಅವತ್ತು ಮಾತಾಡಿಸಲು ಕೂತವಳು ಕೇರಳದ ಹುಡುಗಿ, ಕನ್ನಡ ಬಾರದು. ಕನ್ನಡ ಬಲ್ಲ ನರ್ಸ್ ಊಟಕ್ಕೆ ಹೋಗಿದ್ದರು. ನಾನು ಇಂಗ್ಲಿಷ್ ಟೀಚರ್ ಎಂದು ಗೊತ್ತಾದದ್ದೇ ತಡ, ಒಳಗೆ ಕರೆದಳು. ಮನಸ್ಸಿಲ್ಲ ಎಂದರೆ ನಾವು ಅದನ್ನು ಮನೆಯವರಿಗೆ ಹೇಳುವುದಿಲ್ಲ, ಪರೀಕ್ಷೆಯಲ್ಲಿ ಸರಿಹೊಂದಲಿಲ್ಲ ಎಂದಷ್ಟೇ ಹೇಳಿ ಕಳಿಸುತ್ತೇವೆ, ಇದನ್ನು ಮೊದಲು ಕಿಡ್ನಿ ಕೊಡುವವರಿಗೆ ತಿಳಿಸಿ ಅಂದಳು. ಮನೆಯವಳ ಬಾಯಲ್ಲೇ ಇದನ್ನು ಹೇಳಿಸುತ್ತಿದ್ದಾಳೆ, ಎಂತಹ ಅವಸ್ಥೆ ಮಾರಾಯ್ರೆ! ಆದರೂ ಒಂದಕ್ಷರ ಬಿಡದೆ ತಿಳಿಸಿದೆ.

ಆಮೇಲೆ ಹುಡುಗಿ ನನ್ನತ್ತ ತಿರುಗಿ ಕೇಳಿದಳು. "ಈಸ್ ಶಿ ವಿಲ್ಲಿಂಗ್?"

"ಹೆಣೆ, ನಿಂಗೆ ಮನಸ್ಸ್ ಇತ್ತಾ?" ಎಂದು ಕೇಳಿದೆ.

ಅವಳು ನನ್ನನ್ನೇ ನೋಡಿದಳು. ಮದುವೆಯಾಗಿ ಬಂದಂದಿನಿಂದ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವಳಲ್ಲ.

"ಅತ್ತಿಗೆ, ನಾ ಮನಸ್ಸಿಲ್ಲ ಅಂದ್ರೆ, ನೀವ್ ಅವ್ರಿಗೆ ಹಾಂಗೇ ಹೇಳ್ತ್ರ್ಯಾ?"

ಹೇಳುತ್ತೇನೆ ಅನ್ನಬೇಕು, ನ್ಯಾಯ ಅದು. ಆದರೆ ಹೊರಗೆ ಬೆಂಚಿನ ಮೇಲೆ ಕೂತಿದ್ದವನು ನಾನು ಸೊಂಟದಲ್ಲಿ ಹೊತ್ತು ಬೆಳೆಸಿದ ತಮ್ಮ. ಅವನು ಬದುಕಬೇಕಿತ್ತು ನನಗೆ, ಬೇರೇನೂ ಬೇಡವಾಗಿತ್ತು. ಅವಳ ಮನಸ್ಸು ಏನೇ ಇರಲಿ, ಅಕ್ಕ್ ಅಂದುಬಿಡಲಿ ದೇವರೇ ಎಂದು ಒಳಗೊಳಗೇ ಬೇಡುತ್ತಿದ್ದೆ. ಹುಡುಗಿ ಕಾಯುತ್ತಿದ್ದಳು. ನಾನು ಪೇಶಂಟಿನ ಅಕ್ಕ, ಈ ಮಾತು ನನ್ನಿಂದ ಕೇಳಿಸಬೇಡಿ, ನರ್ಸನ್ನೇ ಕರೆಸಿ ಎಂದು ಹೇಳಿ ಎದ್ದು ಹೊರಗೆ ಬಂದೆ.

ನರ್ಸ್ ಬಂದರು, ಬಾಗಿಲು ಹಾಕಿಕೊಂಡರು. ತಮ್ಮ ಬೆಂಚಿನ ಮೇಲೆ ಕೂತು ಆ ಬಾಗಿಲನ್ನೇ ನೋಡುತ್ತಿದ್ದ. ಸಂಜೆಗೆ ಡಾಕ್ಟರು ನಮ್ಮನ್ನು ಕರೆದು, ಇವರದ್ದು ಸರಿಹೊಂದುವುದಿಲ್ಲ, ಬೇರೆ ಯಾರಾದರೂ ಇದ್ದಾರಾ ನೋಡಿ ಅಂದರು. ಯಾಕೆ ಎಂದು ಕೇಳಿದೆ. ಕೆಲವು ಟೆಸ್ಟಿನಲ್ಲಿ ಆಗಲಿಲ್ಲ ಅಂದರು. ಇರಬಹುದು, ಹಲವು ಟೆಸ್ಟಿನ ಫಲಿತಾಂಶ ಇನ್ನೂ ಬರುವುದಿತ್ತು. ಇಲ್ಲದೆಯೂ ಇರಬಹುದು. ತಿಳಿಯುವ ದಾರಿಯೇ ಇಲ್ಲ. ಕಿಡ್ನಿ ಕೊಡಲು ಬೇರೆ ಯಾರೂ ಇಲ್ಲ.

ಊರಿಗೆ ಬರುವಾಗ ಬ್ರಹ್ಮಾವರದಲ್ಲಿ ಕಾರು ನಿಲ್ಲಿಸಿ ಚಾ ಕುಡಿದೆವು. ತಮ್ಮನಿಗೆ ನೀರು, ಚಾ ಎಲ್ಲ ಅಳತೆಯಲ್ಲೇ. ಅವಳು ಅವನ ಲೋಟದ ಅರ್ಧ ಚಾ ತನ್ನ ಲೋಟಕ್ಕೆ ಬಗ್ಗಿಸಿಕೊಂಡು, ಉಳಿದದ್ದನ್ನು ಆರಿಸಿ ಅವನ ಕೈಗೆ ಕೊಟ್ಟಳು. ನಂತರ ಮಕ್ಕಳಿಗೆ ಬಿಸ್ಕಿಟು ತರುತ್ತೇನೆ ಎಂದು ಪಕ್ಕದ ಅಂಗಡಿಗೆ ಹೋದಳು.

ನನಗೆ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ. ಇವತ್ತು ಕೇಳಿಯೇಬಿಡುತ್ತೇನೆ, ಒಳಗೆ ಏನಂದೆ ಎಂದು ಕೇಳದೆ ಮನೆಗೆ ಕಾಲಿಡುವುದಿಲ್ಲ ಎಂದು ಬೆಂಚಿನಿಂದ ಎದ್ದೆ. ತಮ್ಮ ನನ್ನ ಕೈ ಹಿಡಿದ. ಸೂಜಿ ಚುಚ್ಚಿ ಚುಚ್ಚಿ ಬಾತುಹೋಗಿದ್ದ ಕೈ, ಆದರೂ ಗಟ್ಟಿಯಾಗಿಯೇ ಹಿಡಿದ.

"ಅವ್ಳತ್ರ ಎಂತದೂ ಕೇಂಬುಕೆ ಹೋಯ್ಬೇಡ ಅಕ್ಕಾ" ಅಂದ. "ಕೇಂಡ್ರೆ ಅವ್ಳ್ ಮತ್ತೆ ಅಕ್ಕ್ ಅಂತ್ಲ್."