ತಲೆ ಎಣಿಸದ ದಿನ

ಅಕ್ಕ ಒಂದು ಸಲ ಬೈದುಬಿಡಲಿ ಎಂದು ಪೀಪಿ ಮೂರು ವಾರ ಕಾದ. ಬೈದಿದ್ದರೆ ಅದನ್ನು ನುಂಗಿಕೊಂಡು ಹೇಗೋ ಬದುಕಬಹುದಿತ್ತು. ಅವಳು ಬೈಯಲಿಲ್ಲ, ಮುಖ ಕೊಟ್ಟು ಮಾತಾಡಲೂ ಇಲ್ಲ. ತಾಯಿಯಿಲ್ಲದ ತಮ್ಮನಿಗೆ ಉಣ್ಣಿಸಿ, ತಲೆ ಬಾಚಿ, ತಪ್ಪು ಮಾಡಿದಾಗ ಕಿವಿ ಹಿಂಡಿ ಬೆಳೆಸಿದವಳು ಅವಳು. ಈಗ ಅವಳ ಐದು ವರ್ಷದ ಮಗಳು ನೀರಿನಲ್ಲಿ ಸತ್ತಿದ್ದಳು, ಅವನು ಹತ್ತಿರದಲ್ಲೇ ಇದ್ದಾಗ.

ಪೀಪಿ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಅವನು ಈಜುಕೊಳದ ಕಾವಲುಗಾರ. ಎತ್ತರದ ಕಬ್ಬಿಣದ ಕುರ್ಚಿಯಲ್ಲಿ ಕೂತು ಕಾಲು ಗಂಟೆಗೊಮ್ಮೆ ಪೀಪಿ ಊದುತ್ತಿದ್ದ. ಆಗ ನೀರಿನಲ್ಲಿದ್ದವರೆಲ್ಲ ಅಂಚು ಹಿಡಿದು ನಿಲ್ಲಬೇಕು. ಅವನು ಬೆರಳು ಮಡಚುತ್ತ ತಲೆ ಎಣಿಸಬೇಕು. ಬಾಗಿಲಲ್ಲಿ ಒಳಗೆ ಬಿಟ್ಟವರಷ್ಟೂ ಇದ್ದಾರೆಂದು ಖಾತ್ರಿಯಾದರೆ ಮತ್ತೊಮ್ಮೆ ಊದಿ ಬಿಡುತ್ತಿದ್ದ. ಎಂಟು ವರ್ಷದಲ್ಲಿ ಒಂದು ತಲೆಯೂ ಕಡಿಮೆಯಾಗಿರಲಿಲ್ಲ. "ಮುಳುಗೋರು ಕೂಗಲ್ಲ ರೀ, ಕೂಗೋಕೆ ಉಸಿರು ಬೇಕಲ್ವಾ? ಅದಕ್ಕೇ ಎಣಿಸೋದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಬೇಸಿಗೆ ಬಂತೆಂದರೆ ಲೋಕಕ್ಕೆಲ್ಲ ರಜೆ, ಅವನಿಗೆ ಮಾತ್ರ ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲ. ಮದುವೆಯಾಗಿ ಏಳು ವರ್ಷವಾಗಿದ್ದರೂ ಹೆಂಡತಿ ಮಗಳ ಜೊತೆ ಬೇಸಿಗೆಯಲ್ಲಿ ಎಲ್ಲಿಗೂ ಹೋದವನಲ್ಲ. ಆ ವರ್ಷ ಕೊಳದ ತಳ ಬಿರುಕು ಬಿಟ್ಟು, ನೀರು ಖಾಲಿ ಮಾಡಿ, ರಿಪೇರಿಗೆಂದು ಒಂದು ತಿಂಗಳು ಬಾಗಿಲು ಹಾಕಿದರು. ಹೆಂಡತಿ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳೂ ರಜೆ ಹಾಕಿ, ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಅದರ ಹಿಂದೆ ಬರೆದಳು: ಮೃಗಾಲಯ, ಮಗಳ ಹುಟ್ಟುಹಬ್ಬ, ಪುಟಾಣಿ ರೈಲು, ಗುಡ್ಡ, ಸಿನಿಮಾ, ಕೆರೆ. ಅಕ್ಕನ ಮನೆಯವರನ್ನೂ ಜೊತೆಗೆ ಸೇರಿಸಿಕೊಂಡಳು.

ಮೃಗಾಲಯದಲ್ಲಿ ಜನರೆಲ್ಲ ಹುಲಿಯ ಕಡೆ ಮುಖ ಮಾಡಿದ್ದರೆ ಇವನು ಹುಲಿಗೆ ಬೆನ್ನು ಹಾಕಿ ಮಕ್ಕಳನ್ನು ಎಣಿಸುತ್ತಿದ್ದ. ಇದ್ದದ್ದು ಮೂರೇ: ಅವನ ಆರು ವರ್ಷದ ಮಗಳು, ಅಕ್ಕನ ಒಂಬತ್ತು ವರ್ಷದ ಮಗ, ಆ ಹುಡುಗನ ತಂಗಿ. ತಂಗಿಯನ್ನು ಎಲ್ಲರೂ ಪಟಾಕಿ ಎನ್ನುತ್ತಿದ್ದರು; ಬಾಯಿ ತೆರೆದರೆ ಮೂರು ಮನೆಯಾಚೆಗೆ ಕೇಳುತ್ತಿತ್ತು. ಮಾವನ ತುಟಿ ಅಲ್ಲಾಡುವುದನ್ನು ಕಂಡು ಅವಳು, "ಮಾವ, ಮೂರಲ್ಲ, ನಾಲ್ಕು! ನನ್ನ ಐಸ್‌ಕ್ರೀಮನ್ನೂ ಎಣಿಸು!" ಎಂದು ಕಿರುಚಿದಳು. ಹುಲಿಯೇ ಬೆಚ್ಚಿಬಿತ್ತು ಎಂದು ಭಾವ ದಾರಿಯುದ್ದಕ್ಕೂ ನಗಿಸಿದ.

ಹುಟ್ಟುಹಬ್ಬದ ದಿನ ಮಾತ್ರ ನಗು ಬರಲಿಲ್ಲ. ಕೇಕ್ ಕತ್ತರಿಸುವ ಹೊತ್ತಿಗೆ ಇವನು ಮಕ್ಕಳನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿ ಎಣಿಸಿದ. ಬಂದದ್ದು ಹದಿನಾಲ್ಕು, ನಿಂತದ್ದು ಹದಿಮೂರು! ಮನೆಯೆಲ್ಲ ಜಾಲಾಡಿದ. ಹದಿನಾಲ್ಕನೆಯ ಮಗು ಕಕ್ಕಸಿನಲ್ಲಿತ್ತು. ಇವನು ಬಾಗಿಲು ಬಡಿದ ಅಬ್ಬರಕ್ಕೆ ಹೆದರಿ ಅಳುತ್ತ ಹೊರಬಂತು. "ನಿಮ್ಮನೆಯವರು ಜೈಲಲ್ಲಿ ಕೆಲಸ ಮಾಡ್ತಾರಾ?" ಎಂದಳು ಅದರ ತಾಯಿ. ಹೆಂಡತಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಸಂಜೆ ಬಲೂನು ಬಿಚ್ಚುತ್ತ ಅವಳು ಹೇಳಿದಳು: "ರೀ, ನೀವು ರಜೇಲಿದ್ದೀರೋ ಡ್ಯೂಟಿಲಿದ್ದೀರೋ? ನಾನೂ ಇದ್ದೀನಿ, ಅತ್ತಿಗೆ ಇದ್ದಾರೆ, ಅವರ ಮನೆಯವರಿದ್ದಾರೆ. ನಮಗೇನು ಕಣ್ಣಿಲ್ವಾ? ಇನ್ನು ಈ ತಿಂಗಳು ಎಣಿಸಲ್ಲ ಅಂತ ಮಾತು ಕೊಡಿ."

ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಗಂಡ ಒಂದು ತಿಂಗಳಾದರೂ ಗಂಡನಂತೆ ಇರಲಿ ಎಂದು ಯಾವ ಹೆಂಡತಿ ಬಯಸುವುದಿಲ್ಲ? ಅವನು ಮಾತು ಕೊಟ್ಟ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇವನದು ಕಲಿತ ಗುಣ. ಹತ್ತೇ ದಿನದಲ್ಲಿ ಹೋಯಿತು. ಪುಟಾಣಿ ರೈಲಿನಲ್ಲಿ ಕಡಲೆಕಾಯಿ ಸುಲಿಯುತ್ತ ಕಿಟಕಿಯಾಚೆ ನೋಡಿದ. ಸಿನಿಮಾದಲ್ಲಿ ಕೊನೆಯವರೆಗೂ ಕೂತ. ಅವನ ಹಣೆಯ ಗಂಟು ಸಡಿಲವಾದದ್ದನ್ನು ಕಂಡು ಹೆಂಡತಿ ಹಿಗ್ಗಿದಳು.

ಕೆರೆಗೆ ಹೋದದ್ದು ತಿಂಗಳ ಕೊನೆಯ ವಾರ. ಎರಡೂ ಮನೆಯ ನಾಲ್ವರು ದೊಡ್ಡವರು, ಮೂವರು ಮಕ್ಕಳು. ಬೆಳಿಗ್ಗೆಯೆಲ್ಲ ಮಕ್ಕಳು ದಡದಲ್ಲಿ ಆಡಿದರು. ಊಟವಾಯಿತು, ಕಲ್ಲಂಗಡಿ ಕೊಯ್ದದ್ದಾಯಿತು. ಬಿಸಿಲಿಗೆ ಮರದ ನೆರಳು ಹಿತವಾಗಿತ್ತು. ಪೀಪಿ ಚಾಪೆಯ ಮೇಲೆ ಉರುಳಿ ಮುಖದ ಮೇಲೆ ಟೋಪಿ ಹಾಕಿಕೊಂಡ. ಅಕ್ಕ ಪಾತ್ರೆ ಕಟ್ಟುತ್ತ, "ಮಕ್ಕಳೆಲ್ಲಿ?" ಎಂದಳು. "ಇವನಿದ್ದಾನಲ್ಲ ಬಿಡೇ," ಎಂದ ಭಾವ. ಟೋಪಿಯ ಕೆಳಗೆ ಆ ಮಾತು ಪೀಪಿಗೂ ಕೇಳಿಸಿತು. ಅಕ್ಕ ಕೇಳಿದಳೆಂದ ಮೇಲೆ ತಿರುಗಿ ನೋಡಿರುತ್ತಾಳೆ ಎಂದುಕೊಂಡ. ಅಕ್ಕ ತಮ್ಮನಿದ್ದಾನೆ ಎಂದುಕೊಂಡಳು. ಹೆಂಡತಿ ಅಕ್ಕನಿದ್ದಾಳೆ ಎಂದುಕೊಂಡಳು. ಹತ್ತು ಜನ ಇದ್ದಲ್ಲಿ ಹಾವು ಸಾಯದು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಇಲ್ಲಿ ನಾಲ್ಕೇ ಜನ ಸಾಕಾದರು. ಪೀಪಿಗೆ ಕಣ್ಣು ಹತ್ತಿತು.

ದೊಡ್ಡ ಮಕ್ಕಳಿಬ್ಬರೂ ಪಟಾಕಿಯನ್ನು ಬಿಟ್ಟು ದಾರಿಬದಿಯ ಅಂಗಡಿಯ ಕಡೆ ಓಡಿದ್ದರು. ಅವಳ ಚಪ್ಪಲಿ ಒಂದು ನೀರಿನಲ್ಲಿ ತೇಲಿ ಹೋಗಿತ್ತು, ಅದನ್ನು ಹಿಡಿಯಲು ಇಳಿದಿರಬೇಕು. ಪೀಪಿಗೆ ಎಚ್ಚರವಾದಾಗ ಅವಳ ದನಿ ಕೇಳಲಿಲ್ಲ. ಎದ್ದು ಕೂತ. ಅಂಗಡಿಯ ದಾರಿಯಲ್ಲಿ ಒಂದು ತಲೆ, ಎರಡು ತಲೆ. ಆಮೇಲೆ ಓಡಿದ. ಚಾಪೆಯಿಂದ ಇಪ್ಪತ್ತು ಹೆಜ್ಜೆ, ಅವನ ಸೊಂಟದಷ್ಟು ನೀರು. ಎತ್ತಿ ತಂದು ದಡದಲ್ಲಿ ಮಲಗಿಸಿ ಎದೆ ಒತ್ತಿದ, ಬಾಯಿಗೆ ಉಸಿರು ಕೊಟ್ಟ. ಆಂಬುಲೆನ್ಸ್ ಬರುವವರೆಗೂ ಒತ್ತಿದ. ಬಂದವರು ಸಾಕು ಎಂದರೂ ಕೈ ತೆಗೆಯಲಿಲ್ಲ. ಭಾವನೇ ಹಿಂದಿನಿಂದ ತೋಳು ಹಿಡಿದು ಎಳೆಯಬೇಕಾಯಿತು.

ಮಣ್ಣು ಮಾಡಿ ಬಂದ ಮೇಲೆ ನೆರೆಹೊರೆಯವರು ಸಾಲಾಗಿ ಬಂದರು. ಎಲ್ಲರದೂ ಒಂದೇ ಮಾತು, ಹಣೆಬರಹ. ಹಣೆಬರಹಕ್ಕೆ ಬಾಯಿಲ್ಲ, ಅದಕ್ಕೇ ಎಲ್ಲರೂ ಅದರ ಮೇಲೆ ಹೊರಿಸುತ್ತಾರೆ. ಒಬ್ಬ ಮಾತ್ರ, "ನೀನು ಪಕ್ಕದಲ್ಲೇ ಇದ್ದೂ ಹೀಗಾಯ್ತಲ್ಲಪ್ಪ," ಎಂದ. ಪೀಪಿಗೆ ಅವನೊಬ್ಬನೇ ಮನುಷ್ಯನಂತೆ ಕಂಡ.

ಹೆಂಡತಿ ಊಟ ಬಿಟ್ಟಳು. ಒಂದು ದಿನ ತಾನೇ ಅಕ್ಕನ ಮನೆಗೆ ಹೋಗಿ, "ಎಣಿಸಬೇಡಿ ಅಂತ ಮಾತು ತಗೊಂಡವಳು ನಾನು ಅತ್ತಿಗೆ, ಅವರದ್ದೇನೂ ತಪ್ಪಿಲ್ಲ," ಎಂದು ಕಾಲ ಬಳಿ ಕುಸಿದಳು. ಅಕ್ಕ ಅವಳನ್ನು ಎತ್ತಿ ಕೂರಿಸಿ ಕುಡಿಯಲು ನೀರು ಕೊಟ್ಟಳು. ಒಂದು ಮಾತೂ ಆಡಲಿಲ್ಲ. ಹೆಂಡತಿ ಮನೆಗೆ ಬಂದು ಇದನ್ನು ಹೇಳಿದಾಗ ಪೀಪಿ ಗೋಡೆಗೆ ಮುಖ ಮಾಡಿ ಮಲಗಿದ. ಬೈಯುವಷ್ಟೂ ತನ್ನವನಲ್ಲ ಎಂದು ಅಕ್ಕ ತೀರ್ಮಾನಿಸಿದ್ದಾಳೆ ಎಂದು ಅವನಿಗೆ ಖಚಿತವಾಯಿತು. ಅದಕ್ಕಿಂತ ಬೇರೆ ಶಿಕ್ಷೆ ಬೇಕಿರಲಿಲ್ಲ.

ರಿಪೇರಿ ತಡವಾಗಿ, ಕೊಳ ತೆರೆಯುವ ಹೊತ್ತಿಗೆ ಬೇಸಿಗೆಯೇ ಮುಗಿಯುತ್ತ ಬಂದಿತ್ತು. ಅವನು ಮೇಲ್ವಿಚಾರಕನ ಮುಂದೆ ನಿಂತು, "ನನ್ನನ್ನ ಕುರ್ಚಿ ಮೇಲೆ ಕೂರಿಸಬೇಡಿ ಸಾರ್, ಪಂಪಿನ ಕೋಣೆಗೆ ಹಾಕಿ," ಎಂದು ಕೇಳಿಕೊಂಡ. ಮೇಲ್ವಿಚಾರಕ ಅವನ ಮುಖ ನೋಡಿ ಹೂಂ ಎಂದ. ಎರಡು ದಿನ ಪೀಪಿ ಕೊಳವೆಗಳ ನಡುವೆ ಎಣ್ಣೆ ಹಾಕುತ್ತ ಕಳೆದ. ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಮಗನ ಕೈ ಹಿಡಿದು.

"ಇವನಿಗೆ ಈಜು ಕಲಿಸು," ಎಂದಳು.

ಪೀಪಿ ಕೈಯ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡ. "ಅಕ್ಕಾ, ಇನ್ನೂ ನನ್ನ ನಂಬ್ತೀಯಾ?"

"ಇಲ್ಲ," ಎಂದಳು ಅಕ್ಕ. "ನಂಬಿದ್ದಕ್ಕೇ ಅಲ್ವೇನೋ ಅವಳು ಹೋಗಿದ್ದು? ನೀನು ನಿದ್ದೆ ಹೋದೆ. ನಾನು ಹೆತ್ತವಳು, ಕತ್ತು ತಿರುಗಿಸಿ ನೋಡಲಿಲ್ಲ. ನಿನ್ನ ಬೈಯೋಣ ಅಂತ ದಿನಾ ಬಾಯಿ ತೆಗೀತೀನಿ, ಮೊದಲು ನನ್ನನ್ನೇ ಬೈಬೇಕಾಗುತ್ತೆ, ಸುಮ್ಮನಾಗ್ತೀನಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನು ನಾನು ಯಾರನ್ನೂ ನಂಬಲ್ಲ ಕಣೋ. ಇವನು ತಾನೇ ತೇಲೋದು ಕಲೀಲಿ. ಕಲಿಸೋರು ನಿನಗಿಂತ ಬೇರೆ ಯಾರೂ ನನಗೆ ಗೊತ್ತಿಲ್ಲ. ಅಷ್ಟೇ."

ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅವಳೇ ಎಳೆದು ತಂದು ನೀರಿನ ಅಂಚಿಗೆ ಹಾಕಿಕೊಂಡಳು. ಪೀಪಿ ಬಟ್ಟೆ ಬದಲಿಸಿ ಬಂದು ಕೊಳಕ್ಕಿಳಿದ. ಹುಡುಗ ಗಡಗಡ ನಡುಗುತ್ತಿದ್ದ. ಅವನನ್ನು ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಹಿಡಿದ. ಅಕ್ಕ ತಮ್ಮನ ಆ ಕೈಯನ್ನೇ ನೋಡುತ್ತ ಕೂತಳು. ಮುಕ್ಕಾಲು ಗಂಟೆ ಅವಳು ಕಣ್ಣು ಕೀಳಲಿಲ್ಲ.