ಎದುರು ಬದಿಗೆ ಪ್ರಥಮ ಬಹುಮಾನ

ಕಾಲೇಜಿನಲ್ಲಿದ್ದಾಗ ಭಟ್ಕಳದಿಂದ ಕುಮಟಾದವರೆಗೆ ಎಲ್ಲೇ ಚರ್ಚಾಸ್ಪರ್ಧೆ ಇದ್ದರೂ ನಾನಿರುತ್ತಿದ್ದೆ. ಸೋತದ್ದು ಕಡಿಮೆ. ಚೀಟಿಯಲ್ಲಿ ಯಾವ ಬದಿ ಬಂದರೂ ಅದಕ್ಕೇ ವಾದಿಸುವುದು ಬುದ್ಧಿವಂತಿಕೆ ಎಂದು ನಂಬಿದ್ದೆ. ಭೂವಿಜ್ಞಾನಿಯಾಗಿ ಶಾಲೆಗಳಲ್ಲಿ ಮಣ್ಣು, ಕಲ್ಲು, ಗುಡ್ಡ ಕುಸಿತದ ಬಗ್ಗೆ ಹೇಳಲು ಹೊರಟಾಗಲೂ ಅದೇ ನಂಬಿಕೆ. ಪಾಠಕ್ಕೆ ಆಕಳಿಸುವ ಮಕ್ಕಳು ಜಗಳಕ್ಕೆ ಕಿವಿ ನಿಮಿರಿಸುತ್ತಾರಲ್ಲ.

ಕಳೆದ ಬೇಸಿಗೆಯ ಮೊದಲು ಮಂಕಿಯ ಹತ್ತಿರ, ರಸ್ತೆಗಾಗಿ ಕಡಿದ ಗುಡ್ಡವೊಂದರ ನೆತ್ತಿಯಲ್ಲಿ ಉದ್ದನೆಯ ಬಿರುಕು ಕಂಡೆ. ಮರುದಿನ ಅಲ್ಲಿನ ಹೈಸ್ಕೂಲಿನಲ್ಲಿ ಅದನ್ನೇ ಚರ್ಚಾಸ್ಪರ್ಧೆಯ ವಿಷಯ ಮಾಡಿದೆ: ಇಂಥ ಗುಡ್ಡದ ಕೆಳಗಿನವರು ಮಳೆಗಾಲದಲ್ಲಿ ಮನೆ ಬಿಡಬೇಕು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಎದುರು ಬದಿ ಬಂತು. "ಯಾವ ದಿನ ಬೀಳುತ್ತದೆ ಹೇಳಿ. ಹೇಳಲಿಕ್ಕಾಗದಿದ್ದರೆ ಅದು ವಿಜ್ಞಾನವಲ್ಲ, ಕಣಿ" ಎಂದಳು. ಅದಕ್ಕೆ ಉತ್ತರ ನನ್ನಲ್ಲಿತ್ತು, ಪ್ರತಿವಾದಿ ಹುಡುಗನಲ್ಲಿರಲಿಲ್ಲ. ತೀರ್ಪುಗಾರ್ತಿ ನೋಡಬೇಕಾದ್ದು ವಾದವನ್ನು. ಅವಳಿಗೆ ಪ್ರಥಮ ಬಹುಮಾನ ಕೊಟ್ಟು, ವಿಷಯ, ಬದಿ ಎರಡನ್ನೂ ಬರೆದ ಪ್ರಮಾಣಪತ್ರಕ್ಕೆ ಹುದ್ದೆಸಮೇತ ಸಹಿ ಹಾಕಿದೆ.

ಜೂನಿನಲ್ಲಿ ಪಂಚಾಯತಿಯ ಸದಸ್ಯರೊಬ್ಬರು ಫೋನು ಮಾಡಿದರು. ಬಿರುಕಿನ ಕೆಳಗಿನ ಮನೆಯೊಂದನ್ನು ಖಾಲಿ ಮಾಡಿಸಲು ಹೋದರೆ ಯಜಮಾನ ಕಾಗದವೊಂದನ್ನು ತೋರಿಸುತ್ತಿದ್ದಾನಂತೆ. "ನಿಮ್ಮದೇ ಸಹಿ ಮೇಡಂ. ನಾ ಎಂತ ಹೇಳೂದು?"

ಆ ಹುಡುಗಿಯ ಮನೆ ಅದು ಎಂದು ತಿಳಿದದ್ದು ಆಗಲೇ. ಹೊನ್ನಾವರದಲ್ಲಿ ಬಸ್ಸು ಬದಲಿಸಿ, ಮಳೆಯಲ್ಲಿ ನೆನೆದು ಅಲ್ಲಿಗೆ ಹೋದೆ. ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಹೊಡೆದಿದ್ದರು. ಕೂಲಿ ಕೆಲಸದ ಅಪ್ಪ ನನ್ನನ್ನು ಕೂರಿಸಿ ಚಾ ಕೊಡಿಸಿದ. ಬಹುಮಾನ ಕೊಟ್ಟದ್ದು ಮಾತಿನ ಚಾತುರ್ಯಕ್ಕೆ, ಆಡಿದ ಮಾತು ನಿಜವೆಂದಲ್ಲ ಎಂದು ವಿವರಿಸಿದೆ. ಕೇಳಿ ನಕ್ಕ.

"ಹಂಗಾರೆ ಈಗ ನೀವು ಹೇಳೂದೂ ಚೀಟಿ ಎತ್ತಿಯೇ?"

ಚಾ ಲೋಟ ಕೆಳಗಿಟ್ಟು ಎದ್ದೆ. ಮೂಢನಂಬಿಕೆಯಾಗಿದ್ದರೆ ಬೈದಾದರೂ ಬರುತ್ತಿದ್ದೆ. ಅವನು ನಂಬಿದ್ದು ವಿಜ್ಞಾನಿಯ ಸಹಿಯನ್ನು. ಅದನ್ನೇ ಅಲ್ಲವೇ ನಾನು ಊರೂರು ತಿರುಗಿ ಬೇಡಿಕೊಂಡದ್ದು?

ಹುಡುಗಿ ಗೇಟಿನವರೆಗೆ ಬಂದಳು. ಹಿತ್ತಲ ಒರತೆಯ ನೀರು ಎರಡು ದಿನದಿಂದ ಕೆಂಪಗೆ ಬರುತ್ತಿದೆ ಎಂದಳು. ಗುಡ್ಡದೊಳಗೆ ಮಣ್ಣು ಕದಲುತ್ತಿರುವ ಗುರುತದು. ನಾನು ವಾದ ಬಿಟ್ಟೆ. ಸದ್ದು ಕೇಳಿದರೆ ರಸ್ತೆಯತ್ತ ಇಳಿಯಬೇಡ, ಅಡ್ಡಕ್ಕೆ ಓಡು, ಆ ತೆಂಗಿನ ಸಾಲಿನ ಆಚೆ ಎಂದು ಕೈ ತೋರಿಸಿದೆ. ಅವಳು ಮನಸ್ಸಿನಲ್ಲೇ ಹೆಜ್ಜೆ ಎಣಿಸುವವಳಂತೆ ಆ ಕಡೆಗೆ ನೋಡಿದಳು. ಅಪ್ಪನಿಗೂ ಹೇಳು ಎಂದೆ.

"ನಾ ಹೇಳಿದ್ರೆ ಚರ್ಚೆ ಅಂತಾನೆ ಮೇಡಂ" ಎಂದಳು.